ತಾರಸಿಯ ಮೇಲೆ ಎರಡು ಕಾವಲಿ

ಹಾಸನದ ಓದುಗರೊಬ್ಬರ ಪತ್ರ: "ಡಿಸೆಂಬರ್ ಕೊನೆಯ ಶನಿವಾರ ಮಗಳಿಗೆ 15 ತುಂಬುತ್ತದೆ. ಅವಳೂ ಸೇರಿ 14 ಮಕ್ಕಳು, ರಾತ್ರಿ ಊಟ ನಮ್ಮ ತಾರಸಿಯಲ್ಲಿ. ಹೋದ ವರ್ಷ ಹೊರಗಿನಿಂದ ಊಟ ತರಿಸಿದ್ದೆವು. ಎಲ್ಲರೂ ಮೊಬೈಲ್ ನೋಡುತ್ತ ಕೂತು ಎಂಟಕ್ಕೆಲ್ಲ ಎದ್ದು ಹೋದರು. ಈ ಸಲ ಏನು ಮಾಡಲಿ?"

ಸಂಪಾದಕರ ಉತ್ತರ:

ಅಡುಗೆ ಮುಗಿಸಿ ಕರೆಯಬೇಡಿ, ಅಡುಗೆಗೇ ಕರೆಯಿರಿ. ಈ ವಯಸ್ಸಿನವರಿಗೆ "ಬನ್ನಿ, ಆಟ ಆಡಿ" ಎಂದರೆ ಮುಜುಗರ. ಕೈಗೆ ಸೌಟು ಕೊಟ್ಟು ನೋಡಿ, ಮಾತು ತಾನಾಗಿ ಶುರುವಾಗುತ್ತದೆ. ಮೊಬೈಲ್ ಕಿತ್ತಿಟ್ಟುಕೊಳ್ಳುವ ಗೋಜೂ ಇಲ್ಲ, ಕೈಯೆಲ್ಲ ಎಣ್ಣೆ.

ಮಸಾಲೆ ದೋಸೆ ಇಟ್ಟುಕೊಳ್ಳಿ. ಇಂಥ ಕೂಟ ಕೆಡುವುದು ಕಾಯುವುದರಿಂದ. ತಲೆಗೆ ನಾಲ್ಕರಂತೆ 56 ದೋಸೆ, ಒಂದಕ್ಕೆ ಎರಡೂವರೆ ನಿಮಿಷ. ಕಾವಲಿ ಒಂದೇ ಆದರೆ ಎರಡು ಗಂಟೆ ಇಪ್ಪತ್ತು ನಿಮಿಷ ಬೇಕು, ಎರಡಿದ್ದರೆ ಅದರರ್ಧ. ಚೀಟಿ ಎತ್ತಿಸಿ ಏಳು ಜೋಡಿ ಮಾಡಿ, ಪ್ರತಿ ಜೋಡಿಗೆ ಹತ್ತು ನಿಮಿಷ, ಒಬ್ಬೊಬ್ಬರಿಗೆ ಒಂದೊಂದು ಕಾವಲಿ.

ಹಿಟ್ಟಿಗೆ ಒಂದೂವರೆ ಕೆಜಿ ದೋಸೆ ಅಕ್ಕಿ, 375 ಗ್ರಾಂ ಉದ್ದಿನಬೇಳೆ, ಎರಡು ಚಮಚ ಮೆಂತ್ಯ, ಎರಡು ಹಿಡಿ ಅವಲಕ್ಕಿ. ನಿಮ್ಮೂರಿನ ಡಿಸೆಂಬರ್ ಚಳಿಗೆ ರಾತ್ರಿ ರುಬ್ಬಿದ್ದು ಬೆಳಗ್ಗೆ ಉಬ್ಬುವುದಿಲ್ಲ; ಶುಕ್ರವಾರ ನಾಲ್ಕು ಗಂಟೆಗೇ ರುಬ್ಬಿ ಒಲೆಯ ಪಕ್ಕ ಇಡಿ. ಉಬ್ಬಿದ ಮೇಲೆ ಫ್ರಿಜ್‌ಗೆ ಹಾಕಿ, ಶನಿವಾರ ಸಂಜೆ ನಾಲ್ಕಕ್ಕೆ ಹೊರಗೆ ತೆಗೆಯಿರಿ. ತಣ್ಣಗಿನ ಹಿಟ್ಟು ಸರಿಯಾಗಿ ಹರಡುವುದಿಲ್ಲ, ಕಿತ್ತು ಬರುತ್ತದೆ.

ಮಕ್ಕಳು ಉರಿ ಜೋರು ಮಾಡಿಯೇ ತೀರುತ್ತಾರೆ. ಕಾವಲಿ ಅತಿಯಾಗಿ ಕಾದರೆ ಹಿಟ್ಟು ಅಲ್ಲೇ ಗಟ್ಟಿಯಾಗಿ ಸೌಟಿಗೇ ಸುತ್ತಿಕೊಳ್ಳುತ್ತದೆ. ಪ್ರತಿ ದೋಸೆಗೂ ಮೊದಲು ನೀರು ಚಿಮುಕಿಸಿ, ಚುರ್ ಎಂದು ಆರಿದ ಮೇಲೆ ಅರ್ಧ ಈರುಳ್ಳಿಯಿಂದ ಉಜ್ಜಿ, ಉರಿ ತಗ್ಗಿಸಿಯೇ ಹಿಟ್ಟು ಹುಯ್ಯಲು ಹೇಳಿ.

ಆಲೂಗಡ್ಡೆ ಬೆಳೆಯುವ ಜಿಲ್ಲೆಯವರಿಗೆ ಪಲ್ಯ ಹೇಳಿಕೊಡುವುದೇನಿದೆ! ಎರಡು ಕೆಜಿ ಸಾಕು, ಗಟ್ಟಿಯಾಗಿರಲಿ. ಚಟ್ನಿಗೆ ಎರಡು ತೆಂಗಿನಕಾಯಿ.

ಸರದಿ ಕಾಯುವವರಿಗೆ ಚುರುಮುರಿ: ಅರ್ಧ ಕೆಜಿ ಕಡ್ಲೆಪುರಿ, ತುರಿದ ಕ್ಯಾರೆಟ್, ಈರುಳ್ಳಿ, ಹುರಿದ ಕಡಲೆಬೀಜ, ಖಾರದಪುಡಿ, ಕೊಬ್ಬರಿ ಎಣ್ಣೆ. ಇಬ್ಬನಿಗೆ ಪುರಿ ಮೆತ್ತಗಾಗುತ್ತದೆ. ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಡಬ್ಬಿ ಮುಚ್ಚಿಡಿ. ಟೊಮೆಟೊ, ನಿಂಬೆರಸ ತಿನ್ನುವ ಹೊತ್ತಿಗಷ್ಟೇ.

ಒಲೆಯ ಮೂರು ಕಡೆ ತಗಡು ನಿಲ್ಲಿಸಿ, ಗಾಳಿಗೆ ಉರಿ ಆರದಿರಲಿ. ಸಿಲಿಂಡರ್ ನೆಟ್ಟಗೆ, ಒಲೆಯಿಂದ ದೂರ. ಜಡೆ ಕಟ್ಟಿರಬೇಕು, ದುಪಟ್ಟಾ ಪಕ್ಕಕ್ಕೆ. ಇಬ್ಬರಿಗಿಂತ ಹೆಚ್ಚು ಮಕ್ಕಳು ಒಲೆಯ ಹತ್ತಿರ ಬೇಡ. ದೊಡ್ಡವರೊಬ್ಬರು ಅಲ್ಲೇ ನಿಂತಿರಲಿ, ಬುದ್ಧಿ ಹೇಳದೆ.

ಕಡಲೆಬೀಜ ಆಗದವರು, ಈರುಳ್ಳಿ ತಿನ್ನದವರು ಇದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಚಿಕನ್ ಬೇಕೇ ಎಂದು ಮಗಳು ಕೇಳಬಹುದು. ಈ ಸಲಕ್ಕೆ ಬೇಡ, ಊಟ ಎರಡಾದರೆ ಮಕ್ಕಳೂ ಎರಡು ಗುಂಪಾಗುತ್ತಾರೆ. ಕೊನೆಗೆ ಬಿಸಿ ಬಾದಾಮಿ ಹಾಲು, ಎರಡು ಲೀಟರ್.

ಆರಕ್ಕೆ ಶುರು ಮಾಡಿ. ಕರೆದೊಯ್ಯಲು ಬರುವ ಅಪ್ಪ-ಅಮ್ಮಂದಿರಿಗೆ ಒಂಬತ್ತು ಗಂಟೆ ಎಂದು ಹೇಳಿ. ಅವರಿಗೂ ಒಂದೊಂದು ದೋಸೆ ಕೊಡಬೇಕಾಗುತ್ತದೆ. ಮೇಲಿನ ಹಿಟ್ಟಿನ ಅಳತೆಯಲ್ಲಿ ಮಕ್ಕಳ 56ರ ಜೊತೆಗೆ ಹತ್ತು ದೋಸೆ ಅವರ ಲೆಕ್ಕಕ್ಕೇ ಸೇರಿದೆ.