ನೀವು ಹೋದಾಗ ಬಗ್ ಮಾಯ ಆಗುವುದು ನೀವು ಹೋಗಿದ್ದಕ್ಕೇ

ಪ್ರಶ್ನೆ: "ಚಿತ್ರದುರ್ಗದಲ್ಲಿ ಒಂದು ಮೆಡಿಕಲ್ ಶಾಪಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ರಾತ್ರಿ ಒಂಬತ್ತರ ಮೇಲೆ ಬಿಲ್ ಪ್ರಿಂಟ್ ಆಗಲ್ಲ, ಪ್ರಿಂಟರ್ ವೈರ್ ಕಿತ್ತು ಮತ್ತೆ ಹಾಕಿದರೆ ಸರಿ ಹೋಗುತ್ತೆ ಅಂತಾರೆ. ಮೂರು ಸಲ ರಾತ್ರಿ ಹೊತ್ತೇ ಹೋಗಿ ನೋಡಿದೆ, ಮೂರು ಸಲವೂ ಪ್ರಿಂಟ್ ಚೆನ್ನಾಗೇ ಬಂತು. ನಾವು ನೋಡುವಾಗಲೇ ಬಗ್ ಯಾಕೆ ಬರಲ್ಲ? ಎಲ್ಲರಿಗೂ ಹೀಗೇನಾ, ಇಲ್ಲ ನನ್ನ ಹಣೆಬರಹಾನಾ?"

ಹಣೆಬರಹ ಅಲ್ಲ ಬಿಡಿ. ನಾನು ದಾವಣಗೆರೆಯವನು, ಹನ್ನೊಂದು ವರ್ಷದಿಂದ ಇಲ್ಲೇ ಕೂತು ಮಂಡಿಗಳಿಗೆ, ದಲ್ಲಾಳಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಬೆಂಗಳೂರಲ್ಲಿರುವ ಗೆಳೆಯರಿಗೆ ಬಗ್, ಅಂದರೆ ಪ್ರೋಗ್ರಾಂನಲ್ಲಿ ತಪ್ಪು, ಬಂದರೆ ಟಿಕೆಟ್ ಅಂತ ಬರೆದ ದೂರು ಬರುತ್ತದಂತೆ. ನನಗೆ ಸಾಹುಕಾರರ ಫೋನ್ ಬರುತ್ತದೆ, ಅದೂ ರೊಟ್ಟಿ ಮುರಿದು ಬಾಯಿಗೆ ಇಡುವ ಹೊತ್ತಿಗೆ. ನೀವು ಹೇಳಿದ ಸಂಕಟ ನನಗೆ ತಿಂಗಳಿಗೆ ಒಂದು ಸಲವಾದರೂ ಆಗುತ್ತದೆ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಹಲ್ಲುನೋವು ನಿಂತುಬಿಡುತ್ತದಲ್ವಾ, ಅದೇ ಕಥೆ. ನನ್ನ ಅನುಭವದಲ್ಲಿ ಬಗ್ ಎಲ್ಲೂ ಹೋಗಿರುವುದಿಲ್ಲ. ಅದು ಬರುವುದಕ್ಕೆ ಏನೋ ಒಂದು ಬೇಕು, ಒಂದು ಹೊತ್ತೋ, ಒಂದು ಅಕ್ಷರವೋ, ಒಂದು ವೈರೋ. ಅದು ಗಿರಾಕಿಯ ಹತ್ತಿರ ಇರುತ್ತದೆ, ನಮ್ಮ ಟೇಬಲ್ ಮೇಲೆ ಇರುವುದಿಲ್ಲ. ಕೆಲವು ಸಲ ನಾವು ಅಲ್ಲಿಗೆ ಹೋಗಿದ್ದರಿಂದಲೇ ಅದು ಅಲ್ಲೂ ಇಲ್ಲದಂತೆ ಆಗುತ್ತದೆ. ನಿಮ್ಮದು ಈ ಕೊನೆಯ ಜಾತಿಯದು ಅಂತ ನನ್ನ ಗುಮಾನಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತರಕಾರಿ ಮಂಡಿಯ ಕಥೆ ಕೇಳಿ. ಅಲ್ಲಿ ಬೆಳಕು ಹರಿಯುವ ಮೊದಲೇ ಹರಾಜು ಶುರು. ಟೊಮೆಟೊ ಕ್ರೇಟು, ಬದನೆ, ಹಸಿಮೆಣಸಿನಕಾಯಿ ಚೀಲ ಎಲ್ಲ ರಾತ್ರಿಯೇ ಬಂದು ಇಳಿದಿರುತ್ತವೆ. ಮಾರಿದ ಮೇಲೆ ರೈತನ ಕೈಗೆ ಒಂದು ಪಟ್ಟಿ ಕೊಡಬೇಕು: ತೂಕ ಎಷ್ಟು, ದರ ಏನು, ಹಮಾಲಿ ಎಷ್ಟು ಮುರಿದರು, ಕೈಗೆ ಎಷ್ಟು. ಆ ಪಟ್ಟಿ ನನ್ನ ಸಾಫ್ಟ್‌ವೇರ್‌ನಿಂದ ಬರುತ್ತಿತ್ತು. ಒಂದು ದಿನ ಸಾಹುಕಾರರು ಫೋನ್ ಮಾಡಿ, "ನಿನ್ನೆ ಮುಚ್ಚಿದ ಲೆಕ್ಕ ಇವತ್ತು ನೋಡಿದ್ರೆ ಜಾಸ್ತಿ ಆಗೇತಲ್ರೀ, ರಾತ್ರಿ ಯಾರು ಬಂದು ಬರದ್ರು?" ಅಂದರು.

ನಾನು ಒಂಬತ್ತೂವರೆಗೆ ತಿಂಡಿ ಮುಗಿಸಿ ಲ್ಯಾಪ್‌ಟಾಪ್ ತೆಗೆದು ಹತ್ತು ಪಟ್ಟಿ ಮಾಡಿ ನೋಡಿದೆ. ಎಲ್ಲ ಸರಿ ಇತ್ತು. ಮಾರನೇ ದಿನವೂ ನೋಡಿದೆ, ಸರಿಯೇ ಇತ್ತು. ಆಗ ನಾನು ಹೇಳಿದ್ದು, "ಸಾಫ್ಟ್‌ವೇರ್ ಸರಿ ಐತ್ರೀ, ನಿಮ್ಮ ಗುಮಾಸ್ತರು ತಾರೀಖು ತಪ್ಪು ಹಾಕ್ತಿರಬೇಕು." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗುಮಾಸ್ತರಿಗೆ ಅರವತ್ತರ ಹತ್ತಿರ ವಯಸ್ಸು, ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕದ ಕಾಲದಿಂದ ಅದೇ ಗದ್ದಿಗೆಯಲ್ಲಿ ಕೂತವರು, ಕಂಪ್ಯೂಟರ್ ಬಂದಾಗ ಬೇಡ ಅನ್ನದೆ ಒಂದೊಂದೇ ಬೆರಳಲ್ಲಿ ಕಲಿತವರು, ಅಂಥವರನ್ನು ಸಾಹುಕಾರರು ಮೂರು ವಾರ ಒಂಥರಾ ನೋಡುವ ಹಾಗೆ ಮಾಡಿದ್ದು ನನ್ನ ಆ ಒಂದು ಮಾತು. ಲೆಕ್ಕದಲ್ಲಿ ಅನುಮಾನ ಬಂದರೆ ಮಂಡಿಯಲ್ಲಿ ಮನುಷ್ಯ ಉಳಿಯುವುದಿಲ್ಲ, ಇದು ನನಗೂ ಗೊತ್ತಿತ್ತು.

ಕೊನೆಗೆ ಅವರೇ ಫೋನ್ ಮಾಡಿದರು. "ತಮ್ಮಾ, ಒಂದು ದಿನ ಬೆಳಗಿನ ಜಾವ ಬಂದು ನನ್ನ ಪಕ್ಕ ಕುಂತು ನೋಡು" ಅಂದರು. ಜನವರಿ ತಿಂಗಳು. ನಾಲ್ಕೂಕಾಲಿಗೆ ಮಫ್ಲರ್ ಸುತ್ತಿಕೊಂಡು ಸ್ಕೂಟರ್ ತೆಗೆದೆ. ಹೋಗಿ ಕೂತೆ. ಅವರು ಒಂದೊಂದೇ ಪಟ್ಟಿ ಮಾಡುತ್ತಾ ಹೋದರು, ನಾನು ಒಂದೊಂದನ್ನೂ ನೋಡುತ್ತಾ ಹೋದೆ. ಎಲ್ಲದರ ಮೇಲೂ ಗಂಟೆ ಸರಿ, ತಾರೀಖು ಮಾತ್ರ ನಿನ್ನೆಯದು! ಐದು ಇಪ್ಪತ್ತೆಂಟಕ್ಕೆ ಬಂದ ಪಟ್ಟಿಯೂ ನಿನ್ನೆಯದು. ಐದು ಮೂವತ್ತೊಂದಕ್ಕೆ ಬಂದದ್ದು ಇವತ್ತಿನದು.

ಐದೂವರೆ ಅಂದ ಕೂಡಲೇ ನಿಮಗೆ ಹೊಳೆದಿರಬೇಕು. ಲೆಕ್ಕವೆಲ್ಲ ಕೂರುವ ದೂರದ ಕಂಪ್ಯೂಟರ್, ಅಂದರೆ ಸರ್ವರ್, ಅದರ ಗಡಿಯಾರ ಯುಟಿಸಿ, ಜಗತ್ತಿಗೆಲ್ಲ ಒಂದೇ ಅಂತ ಇಟ್ಟುಕೊಂಡ ಸಮಯ. ಬಾಡಿಗೆ ಸರ್ವರ್‌ಗಳು ಸಾಮಾನ್ಯವಾಗಿ ಹಾಗೇ ಬರುತ್ತವೆ, ಯಂತ್ರ ಮುಂಬೈಯಲ್ಲೇ ಇದ್ದರೂ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ರಾತ್ರಿ ಹನ್ನೆರಡು ಹೊಡೆದಾಗ ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಆರೂವರೆ. ಗಂಟೆಯನ್ನು ನಾನು ನಮ್ಮ ಸಮಯಕ್ಕೆ ತಿರುಗಿಸಿದ್ದೆ, ತಾರೀಖನ್ನು ಮಾತ್ರ ಸರ್ವರ್‌ನಿಂದ ಹಾಗೇ ಎತ್ತಿಕೊಂಡಿದ್ದೆ. ಹಾಗಾಗಿ ಮಧ್ಯರಾತ್ರಿಯಿಂದ ಐದೂವರೆವರೆಗೆ ಮಾಡಿದ್ದೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗಿ ಕೂರುತ್ತಿತ್ತು. ಒಂಬತ್ತೂವರೆಗೆ ನೋಡುವವನಿಗೆ ಇದು ಹೇಗೆ ಕಾಣಬೇಕು? ತಿದ್ದಿದ್ದು ಒಂದೇ ಸಾಲು. ಸಾಹುಕಾರರ ಎದುರಿಗೇ ತಪ್ಪು ನನ್ನದು ಅಂತ ಒಪ್ಪಿಕೊಂಡೆ. ಗುಮಾಸ್ತರು ಏನೂ ಅನ್ನಲಿಲ್ಲ. ಹುಡುಗನನ್ನು ಕರೆದು "ಇವರಿಗೊಂದು ಚಾ ತಾರಪ್ಪಾ" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಅಮಾವಾಸ್ಯೆ ಬಗ್. ಹೆಸರು ನಾನಿಟ್ಟದ್ದಲ್ಲ, ಅಂಗಡಿಯವರೇ ಇಟ್ಟದ್ದು. ಮೆಕ್ಕೆಜೋಳದ ವ್ಯಾಪಾರ ಅವರದು. ಎಲೆಕ್ಟ್ರಾನಿಕ್ ಕಾಟಾದ ತೂಕ ನೇರ ಕಂಪ್ಯೂಟರಿಗೆ ಬರುವ ಹಾಗೆ ಮಾಡಿಕೊಟ್ಟಿದ್ದೆ. ತಿಂಗಳೆಲ್ಲ ಸರಿ. ಅಮಾವಾಸ್ಯೆ ಆದ ಮಾರನೇ ದಿನ ತೂಕ ಬರುವುದಿಲ್ಲ! ಮೂರನೇ ತಿಂಗಳಿಗೆ ಅವರು ಕಾಟಾಕ್ಕೆ ನಿಂಬೆಹಣ್ಣು ಕಟ್ಟಿದರು. ನಾನು ನಗುವ ಹಾಗಿರಲಿಲ್ಲ, ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಕಾರಣ ಇರಲಿಲ್ಲವಲ್ಲ. ಮುಂದಿನ ಅಮಾವಾಸ್ಯೆ ಪೂಜೆಗೆ ಹೋಗಿ ಕೂತೆ. ಪೂಜೆಗೆ ಮೊದಲು ಹುಡುಗ ಅಂಗಡಿ ಗುಡಿಸಿ, ಕಂಪ್ಯೂಟರ್ ಒರೆಸಲು ವೈರೆಲ್ಲ ಬಿಚ್ಚಿದ. ಒರೆಸಿ, ವಿಭೂತಿ ಕುಂಕುಮ ಹಚ್ಚಿ, ವೈರೆಲ್ಲ ಮತ್ತೆ ಸಿಕ್ಕಿಸಿದ. ಕಾಟಾದ ವೈರನ್ನು ಈ ಸಲ ಪಕ್ಕದ ಯುಎಸ್‌ಬಿ ತೂತಿಗೆ ಹಾಕಿದ. ಅಷ್ಟೇ. ಕಾಟಾವನ್ನು ಯುಎಸ್‌ಬಿಗೆ ಜೋಡಿಸುವ ಅಗ್ಗದ ಕನ್ವರ್ಟರ್ ವೈರ್‌ಗಳಿಗೆ ಸ್ವಂತ ನಂಬರ್ ಇರುವುದಿಲ್ಲ, ತೂತು ಬದಲಾದರೆ ವಿಂಡೋಸ್ ಅದನ್ನು ಹೊಸ ಸಾಮಾನು ಅಂದುಕೊಂಡು ಬೇರೆ ಪೋರ್ಟ್ ನಂಬರ್ ಕೊಡುತ್ತದೆ. ನನ್ನ ಪ್ರೋಗ್ರಾಂ ಮಾತ್ರ ಹಳೆಯ ಮೂರನೇ ನಂಬರಿನ ಬಾಗಿಲು ಕಾಯುತ್ತಾ ನಿಂತಿರುತ್ತಿತ್ತು. ಈಗ ಅದು ಶುರುವಾದಾಗ ಎಲ್ಲ ಪೋರ್ಟ್‌ಗಳನ್ನೂ ಒಂದು ಸುತ್ತು ಹುಡುಕುತ್ತದೆ. ನಿಂಬೆಹಣ್ಣನ್ನು ಅವರು ಇನ್ನೂ ಕಟ್ಟುತ್ತಾರೆ, ಕೆಲಸ ಮಾಡಿದ್ದು ಅದೇ ಅಂತ ಅವರ ನಂಬಿಕೆ.

ಕನ್ನಡದ್ದೇ ಆದ ಒಂದು ಬಗ್ ಕೂಡ ಹೇಳಿಬಿಡುತ್ತೇನೆ, ಯಾಕೆಂದರೆ ನೀವೂ ಇದಕ್ಕೆ ಒಂದಿನ ಸಿಕ್ಕೇ ಸಿಗುತ್ತೀರಿ. ಊರಿನ ಪಟ್ಟಿಯಲ್ಲಿ ಸಂತೇಬೆನ್ನೂರು ಎರಡು ಸಲ ಬರುತ್ತಿತ್ತು. ಒಂದರಲ್ಲಿ ಅರ್ಧ ರೈತರು, ಇನ್ನೊಂದರಲ್ಲಿ ಇನ್ನರ್ಧ. ಕಣ್ಣಿಗೆ ಎರಡೂ ಒಂದೇ. ಹುಡುಕಿದರೆ ಒಂದೇ ಸಿಗುತ್ತದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಒಂದೊಂದೇ ಅಕ್ಷರದ ನಂಬರ್ ತೆಗೆಸಿ ನೋಡಿದೆ. ಒಂದು 'ಸಂತೇಬೆನ್ನೂರು', ಇನ್ನೊಂದು 'ಸ೦ತೇಬೆನ್ನೂರು'. ಗೊತ್ತಾಯ್ತಾ? ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರದ ನಂಬರ್ 3202, ಅಂಕಿಯದು 3302. ನೋಟಕ್ಕೆ ಅವಳಿ ಜವಳಿ, ಮಧ್ಯೆ ಸರಿಯಾಗಿ ನೂರು ಮನೆ ದೂರ. ಟೈಪ್ ಮಾಡಿದ ಹುಡುಗನನ್ನು ಕೇಳಿದರೆ, "ಸಾರ್, ಸ ಬರೆದು ಪಕ್ಕಕ್ಕೆ ಸೊನ್ನೆ ಅಂತ ನಮ್ ಮೇಷ್ಟ್ರೇ ಹೇಳಿಕೊಟ್ಟಿದ್ದು" ಅಂದ. ಹೌದಲ್ವಾ, ಶಾಲೆಯಲ್ಲಿ ನಾವೆಲ್ಲ ಅದನ್ನು ಸೊನ್ನೆ ಅಂತಲೇ ಕಲಿತದ್ದು. ಅಕ್ಷರದ ಪಕ್ಕ ಅಂಕಿ ಸೊನ್ನೆ ಬಂದರೆ ಅನುಸ್ವಾರ ಮಾಡು ಅಂತ ಬರೆದೆ. ಮಾರನೇ ದಿನ 'ಕ೦೫' ಅಂತ ಇದ್ದ ಲಾಟ್ ನಂಬರೆಲ್ಲ 'ಕಂ೫' ಆಗಿ ಕೂತಿದ್ದವು. ಒಂದು ತಿದ್ದಲು ಹೋಗಿ ಇನ್ನೊಂದು ಹುಟ್ಟುವುದು ನಮ್ಮ ಕಸುಬಿನಲ್ಲಿ ಮಾಮೂಲು, ಊರಿನ ಹೆಸರಿಗೆ ಮಾತ್ರ ಆ ನಿಯಮ ಅಂತ ಕಟ್ಟಿಹಾಕಿದೆ.

ಗ್ಯಾಜೆಟ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ, ಸಿಟ್ಟು ಬರುತ್ತದೆ. ಸಣ್ಣ ಥರ್ಮಲ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಕನ್ನಡ ಅಕ್ಷರವೇ ಗೊತ್ತಿಲ್ಲ. ಇಡೀ ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು, 58 ಮಿಲಿಮೀಟರ್ ಕಾಗದ ಅಂದರೆ ಅಡ್ಡಕ್ಕೆ 384 ಚುಕ್ಕೆ, ಅಷ್ಟರಲ್ಲೇ ಒತ್ತಕ್ಷರ ಎಲ್ಲ ಹಿಡಿಸಬೇಕು. ಮನೆಗೆ ಒಂದು ಸ್ಮಾರ್ಟ್ ಬಲ್ಬ್ ತಂದೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಬಂದರೆ ಅದು ತಾನಾಗೇ ಹತ್ತಿಕೊಳ್ಳುತ್ತದೆ, ಆರಿಸಬೇಕು ಅಂದರೆ ರೌಟರ್ ಎದ್ದು ಕೂರುವವರೆಗೆ ಕಾಯಬೇಕು. ಹೆಂಡತಿ ಕಣ್ಣು ಮುಚ್ಚಿಕೊಂಡೇ "ಗೋಡೆ ಮೇಲೆ ಸ್ವಿಚ್ ಇತ್ತಲ್ವಾ?" ಅಂದಳು. ಒಂದು ಸಲ ಲ್ಯಾಪ್‌ಟಾಪ್ ಪಾಸ್‌ವರ್ಡ್ ತಗೊಳ್ಳಲೇ ಇಲ್ಲ, ಯಾರೋ ಹ್ಯಾಕ್ ಮಾಡಿದರು ಅಂತ ಬೆವತುಹೋದೆ. ಒಂದು ಕೀ ಕೆಳಗೆ ಮಂಡಕ್ಕಿ ಸಿಕ್ಕಿತ್ತು. ದಾವಣಗೆರೆಯಲ್ಲಿ ಕೂತು ಕೋಡ್ ಬರೆದರೆ ಇದು ಆಗದೇ ಇರುತ್ತದಾ? ಮದುವೆ ಮನೆಗೆ ಹೋದರೆ ದೊಡ್ಡಪ್ಪ "ನೀನು ಸಾಫ್ಟ್‌ವೇರ್ ಅಲ್ವೇನೋ, ಈ ಟಿವಿ ರಿಮೋಟ್ ನೋಡು" ಅನ್ನುತ್ತಾರೆ. ಸೆಲ್ ತಿರುಗಿಸಿ ಹಾಕಿ ಕೊಡುತ್ತೇನೆ. ನನ್ನ ಹನ್ನೊಂದು ವರ್ಷದಲ್ಲಿ ಅಷ್ಟು ಹೊಗಳಿಕೆ ಯಾವ ಕೆಲಸಕ್ಕೂ ಸಿಕ್ಕಿಲ್ಲ.

ಬಗ್ ಅಂದರೆ ಇಂಗ್ಲಿಷಿನಲ್ಲಿ ಹುಳು, ಆ ಹೆಸರು ಬಂತು ಅನ್ನುವ ಪತಂಗದ ಕಥೆ ನೀವೂ ಕೇಳಿರುತ್ತೀರಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇ ಅನ್ನುವ ಸ್ವಿಚ್ಚಿನಲ್ಲಿ ಒಂದು ಪತಂಗ ಸಿಕ್ಕಿ, ಅದನ್ನು ಟೇಪ್ ಹಾಕಿ ಲಾಗ್ ಪುಸ್ತಕಕ್ಕೆ ಅಂಟಿಸಿದರು. ಬಗ್ ಅನ್ನುವ ಮಾತು ಅಲ್ಲಿಂದ ಹುಟ್ಟಿತು ಅನ್ನುವುದು ಸುಳ್ಳು, ಎಡಿಸನ್ 1878ರಲ್ಲೇ ಪತ್ರದಲ್ಲಿ ಬರೆದಿದ್ದ. ನನಗೆ ಆ ಕಥೆಯಲ್ಲಿ ಇಷ್ಟ ಆಗುವುದು ಬೇರೆ: ಯಾರೋ ಎದ್ದು ಹೋಗಿ, ಯಂತ್ರ ಬಿಚ್ಚಿ, ಒಳಗೆ ಇಣುಕಿ ನೋಡಿದ್ದಾರೆ.

ಈಗ ನಿಮ್ಮ ಪ್ರಿಂಟರ್. ಹಗಲು ಮೆಡಿಕಲ್ ಶಾಪಲ್ಲಿ ಗಿರಾಕಿ ಮೇಲೆ ಗಿರಾಕಿ, ಬಿಲ್ ಬರುತ್ತಲೇ ಇರುತ್ತದೆ. ಒಂಬತ್ತರ ಮೇಲೆ ಅರ್ಧ ಗಂಟೆಗೊಬ್ಬರು ಬಂದರೆ ಹೆಚ್ಚು. ಆ ಮಧ್ಯದ ಹೊತ್ತಲ್ಲಿ ವಿಂಡೋಸ್ ಕರೆಂಟ್ ಉಳಿಸಲು ಸುಮ್ನೆ ಇರುವ ಯುಎಸ್‌ಬಿ ಸಾಮಾನನ್ನು ಮಲಗಿಸುತ್ತದೆ, ಕೆಲವು ಪ್ರಿಂಟರ್‌ಗಳು ಒಮ್ಮೆ ಮಲಗಿದರೆ ಕರೆದರೂ ಏಳುವುದಿಲ್ಲ. ವೈರ್ ಕಿತ್ತು ಹಾಕಿದರೆ ಏಳುತ್ತವೆ, ನಿಮಗೆ ಅವರು ಹೇಳಿದ್ದೂ ಅದೇ ತಾನೇ? ನೀವು ಹೋದ ಕೂಡಲೇ ಏನು ಮಾಡಿದಿರಿ ಅಂತ ನಾನು ಇಲ್ಲಿಂದಲೇ ಹೇಳಬಲ್ಲೆ. ಒಂದು ಟೆಸ್ಟ್ ಬಿಲ್ ಕೊಟ್ಟಿರಿ, ಬಂತು. ಇನ್ನೊಂದು ಕೊಟ್ಟಿರಿ, ಬಂತು. ಹೀಗೆ ಹತ್ತು ಬಿಲ್ ತೆಗೆದು, ಪ್ರಿಂಟರಿಗೆ ಕಣ್ಣು ಮುಚ್ಚಲು ಬಿಡದೆ, ಎಲ್ಲ ಸರಿ ಇದೆ ಅಂತ ಹೇಳಿ ಎದ್ದು ಬಂದಿರಿ. ಮೊದಲನೆಯದು ಹೇಗೆ ಬಂತು ಅಂತೀರಾ? ನೀವು ಬರುವ ಮೊದಲು ಅವರು ವೈರ್ ಕಿತ್ತು ಹಾಕಿದ್ದರಾ ಕೇಳಿ ನೋಡಿ. ಸಾಫ್ಟ್‌ವೇರಿನವರು ಬರುತ್ತಾರೆ ಅಂದರೆ ಅಂಗಡಿಯವರು ಎಲ್ಲ ಒರೆಸಿ ಇಟ್ಟಿರುತ್ತಾರೆ.

ಮುಂದಿನ ಸಲ ಹೋಗುವುದು ಯಾವತ್ತು ಅಂತ ಹೇಳಬೇಡಿ. ಒಂಬತ್ತೂಕಾಲಿಗೆ ಹೋಗಿ, ಒಂದು ಬಿಲ್ ಬಂದದ್ದು ನೋಡಿಕೊಂಡು ಸ್ಟೂಲ್ ಮೇಲೆ ಕೂತುಬಿಡಿ. ಅರ್ಧ ಗಂಟೆ ಆದ ಮೇಲೆ ಬರುವ ಗಿರಾಕಿಯ ಬಿಲ್ ನಿಂತಿತು ಅಂದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಪುಟದಲ್ಲಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅಂತ ಇರುವ ಟಿಕ್ ತೆಗೆಯಿರಿ, ಪವರ್ ಆಪ್ಷನ್ಸ್‌ನಲ್ಲಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನುವುದನ್ನೂ ಬಂದ್ ಮಾಡಿ. ನಿಲ್ಲಲಿಲ್ಲ ಅಂದರೆ ನನ್ನ ಗುಮಾನಿ ತಪ್ಪು, ಇಲ್ಲೇ ಕೆಳಗೆ ಬರೆಯಿರಿ, ಅಡಾಪ್ಟರ್ ಕಡೆಯಿಂದ ನೋಡೋಣ. ಆದರೆ ಆ ಅರ್ಧ ಗಂಟೆ ಸುಮ್ನೆ ಕೂತಿರಬೇಕು, ಅಂಗಡಿಯವರು "ಒಂದು ಹೊಡೆದು ನೋಡ್ರಿ ಸಾರ್" ಅಂದರೂ ಟೆಸ್ಟ್ ಪ್ರಿಂಟ್ ಕೊಡಬೇಡಿ.