ಎಂ.ಡಿ. ಪ್ರಬಂಧದ ಟ್ರಯಲ್‌ಗೂ ಸಿಟಿಆರ್‌ಐ ನೋಂದಣಿ ಬೇಕೇ? ವ್ಯತ್ಯಾಸ ಕಾಣದಿದ್ದರೂ ಫಲಿತಾಂಶ ಪ್ರಕಟಿಸಬೇಕೇ?

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದಿದೆ, ರೋಗಿಗಳೂ ಸಿಗುತ್ತಿದ್ದಾರೆ, ಸಿಟಿಆರ್‌ಐ (ರೋಗಿಗಳ ಮೇಲೆ ನಡೆಸುವ ಪ್ರಯೋಗಗಳ, ಅಂದರೆ ಟ್ರಯಲ್‌ಗಳ, ಭಾರತದ ಸಾರ್ವಜನಿಕ ದಾಖಲೆ ಪಟ್ಟಿ) ನೋಂದಣಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದು ನಿಮ್ಮ ಗೈಡ್ ಹೇಳಿದ್ದಾರೆ ಎಂದು ಬರೆದಿದ್ದೀರಿ. ನಾನು ಅರಿವಳಿಕೆ ವಿಭಾಗದಲ್ಲಿ ಎಂ.ಡಿ. ಓದುತ್ತಿದ್ದಾಗ ಕೇಳಿದ್ದೂ ಇದೇ ಮಾತನ್ನು. ನಾನು ಹಾಗೆ ಮಾಡದೆ, ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ನೋಂದಾಯಿಸಿದೆ. ಆದರೂ ಪೆಟ್ಟು ತಿಂದೆ, ಏಕೆಂದರೆ ನೋಂದಣಿ ಎಂದರೆ ಪ್ರಬಂಧದ ಮೊದಲ ಪುಟಕ್ಕೆ ಬೇಕಾದ ಒಂದು ಸಂಖ್ಯೆ ಎಂದಷ್ಟೇ ತಿಳಿದಿದ್ದೆ.

ತೋಳಿನ ಶಸ್ತ್ರಚಿಕಿತ್ಸೆಗೆ ಕೊಡುವ ನರ್ವ್ ಬ್ಲಾಕ್‌ಗೆ (ನರದ ಸುತ್ತ ಮದ್ದು ಚುಚ್ಚಿ ಆ ಭಾಗವನ್ನು ಮರಗಟ್ಟಿಸುವುದು) ಇನ್ನೊಂದು ಔಷಧವನ್ನು ಸೇರಿಸಿದರೆ ನೋವು ಕಡಿಮೆಯಾಗುತ್ತದೆಯೇ ಎಂಬುದು ನನ್ನ ವಿಷಯವಾಗಿತ್ತು. ಸಿಟಿಆರ್‌ಐ ಅರ್ಜಿಯಲ್ಲಿ ಪ್ರೈಮರಿ ಔಟ್‌ಕಮ್ (ಅಧ್ಯಯನವು ಉತ್ತರಿಸಬೇಕಾದ ಪ್ರಧಾನ ಅಳತೆ) ಎಂಬ ಕಾಲಂ ಇದೆ, ಅದರ ಪಕ್ಕದಲ್ಲಿ ಟೈಮ್ ಪಾಯಿಂಟ್ ಎಂಬ ಇನ್ನೊಂದು ಕಾಲಂ. ಮೊದಲನೆಯದರಲ್ಲಿ ‘ಶಸ್ತ್ರಚಿಕಿತ್ಸೆಯ ನಂತರದ ನೋವು’ ಎಂದೂ ಎರಡನೆಯದರಲ್ಲಿ ‘24 ಗಂಟೆಗಳವರೆಗೆ’ ಎಂದೂ ತುಂಬಿದೆ. ನನ್ನ ಎಲ್ಲ ತೊಂದರೆಯ ಮೂಲ ಈ ಎರಡು ಸಾಲುಗಳು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೋವನ್ನು ನಾವು 2, 6, 12 ಮತ್ತು 24ನೇ ಗಂಟೆಯಲ್ಲಿ, ಪ್ರತಿ ಬಾರಿಯೂ ರೋಗಿ ಸುಮ್ಮನೆ ಮಲಗಿದ್ದಾಗ ಒಮ್ಮೆ ಮತ್ತು ಕೈ ಅಲುಗಾಡಿಸಿದಾಗ ಒಮ್ಮೆ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಬರೆದುಕೊಳ್ಳುತ್ತಿದ್ದೆವು. ಒಟ್ಟು ಎಂಟು ಹೋಲಿಕೆಗಳಾದವು, ಅವುಗಳಲ್ಲಿ ಯಾವುದು ಪ್ರಧಾನ ಎಂದು ನಾನು ಎಲ್ಲಿಯೂ ಹೇಳಿರಲಿಲ್ಲ. ಔಷಧದಿಂದ ಯಾವ ಪ್ರಯೋಜನವೂ ಇಲ್ಲದಿದ್ದಾಗಲೂ, ಎಂಟು ಹೋಲಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಂಡರೆ, ಕನಿಷ್ಠ ಒಂದರಲ್ಲಾದರೂ ಪಿ ಮೌಲ್ಯ 0.05ಕ್ಕಿಂತ ಕೆಳಗಿಳಿಯುವ, ಅಂದರೆ ಆಕಸ್ಮಿಕ ವ್ಯತ್ಯಾಸವೇ ನಿಜವೆಂದು ಕಾಣುವ, ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ನನಗೆ ಸಿಕ್ಕಿದ್ದು 6ನೇ ಗಂಟೆಯ, ಮಲಗಿದ್ದಾಗಿನ ನೋವು. ಅದನ್ನೇ ಪ್ರಧಾನ ಫಲಿತಾಂಶವೆಂದು ಲೇಖನ ಬರೆದೆ, ಉಳಿದ ಏಳನ್ನು ಬಿಟ್ಟೆ. ಆಗ ಅದು ಮೋಸವೆಂದು ಅನ್ನಿಸಲಿಲ್ಲ, ವಿಭಾಗದಲ್ಲಿ ಯಾರಿಗೂ ಅನ್ನಿಸಲಿಲ್ಲ.

ಲೇಖನದ ವಿಮರ್ಶಕರು ಸಿಟಿಆರ್‌ಐ ಪುಟವನ್ನು ತೆರೆದು ನೋಡಿದ್ದರು. ನೋಂದಣಿಯಲ್ಲಿ 24 ಗಂಟೆ ಎಂದಿದೆ, ಲೇಖನದಲ್ಲಿ 6 ಗಂಟೆ ಎಂದಿದೆ, ನಡುವಿನ ಅಳತೆಗಳೆಲ್ಲಿ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಲೇಖನ ತಿರಸ್ಕೃತವಾಯಿತು, ಅದನ್ನು ನೆಚ್ಚಿಕೊಂಡು ಹಾಕಿದ್ದ ಫೆಲೋಶಿಪ್ ಅರ್ಜಿಯೂ ಬಿದ್ದುಹೋಯಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ‘ಫಲಿತಾಂಶ ಬರದಿದ್ದರೆ’ ಎಂದು ಬರೆದಿದ್ದೀರಿ, ಆ ಮಾತನ್ನೇ ನಾನು ಒಪ್ಪುವುದಿಲ್ಲ. ವ್ಯತ್ಯಾಸವಿಲ್ಲ ಎಂದು ಗೊತ್ತಾಗುವುದೂ ಫಲಿತಾಂಶವೇ. 1980ರಲ್ಲಿ ಹೃದಯಾಘಾತವಾದವರಿಗೆ ಹೃದಯ ಬಡಿತದ ಲಯ ಸರಿಪಡಿಸುವ ಲೋರ್ಕೈನೈಡ್ ಎಂಬ ಔಷಧ ಕೊಟ್ಟು ನಡೆಸಿದ ಒಂದು ಅಧ್ಯಯನದಲ್ಲಿ ನೂರಕ್ಕೂ ಕಡಿಮೆ ಜನರಿದ್ದರು. ಔಷಧ ಪಡೆದವರಲ್ಲಿ 9 ಮಂದಿ ತೀರಿಕೊಂಡರು, ಪಡೆಯದವರಲ್ಲಿ ಒಬ್ಬರು. ಸಂಶೋಧಕರು ಅದನ್ನು ಆಕಸ್ಮಿಕವೆಂದು ಭಾವಿಸಿದರು, ಕಂಪನಿ ವಾಣಿಜ್ಯ ಕಾರಣಗಳಿಗಾಗಿ ಔಷಧವನ್ನು ಕೈಬಿಟ್ಟಿತು, ಫಲಿತಾಂಶ ಅಚ್ಚಾದದ್ದು 1993ರಲ್ಲಿ. ಅಷ್ಟರೊಳಗೆ, ಆ ಎಚ್ಚರಿಕೆ ವೈದ್ಯರಿಗೆ ಸಿಗದೆ, ಅದೇ ಬಗೆಯ ಬೇರೆ ಔಷಧಗಳನ್ನು ಅಸಂಖ್ಯ ರೋಗಿಗಳಿಗೆ ಕೊಟ್ಟಾಗಿತ್ತು. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ಹಣದಲ್ಲಿ ನಡೆದ ದೊಡ್ಡ ಟ್ರಯಲ್‌ಗಳ ಪರಿಶೀಲನೆಯೊಂದು 2015ರಲ್ಲಿ ಪ್ರಕಟವಾಯಿತು. 2000ಕ್ಕೆ ಮುಂಚಿನ 30ರಲ್ಲಿ 17 ಟ್ರಯಲ್‌ಗಳು ಪ್ರಯೋಜನ ತೋರಿಸಿದ್ದರೆ, ನೋಂದಣಿ ರೂಢಿಗೆ ಬಂದ ನಂತರದ 25ರಲ್ಲಿ ತೋರಿಸಿದ್ದು ಎರಡೇ. ಕಾರಣ ಅದೊಂದೇ ಎಂದು ಹೇಳಲಾಗದು, ಆದರೆ ನನ್ನ ಎಂಟು ಹೋಲಿಕೆಗಳನ್ನು ನೆನೆದರೆ ಆ ಅಂಕಿಗಳು ನನಗೆ ಅಚ್ಚರಿ ತರುವುದಿಲ್ಲ.

ನಿಮ್ಮ ಗೈಡ್ ಹೇಳುವ ‘ಆಮೇಲೆ’ ಈಗ ನಡೆಯುವುದೂ ಇಲ್ಲ. 2018ರ ಏಪ್ರಿಲ್ 1ರಿಂದ ಸಿಟಿಆರ್‌ಐ, ಮೊದಲ ರೋಗಿ ಸೇರುವ ಮುನ್ನ ಬಂದ ಟ್ರಯಲ್‌ಗಳನ್ನು ಮಾತ್ರ ನೋಂದಾಯಿಸುತ್ತದೆ. ಸೇರ್ಪಡೆಯ ದಿನಾಂಕವನ್ನು ಮುಂದಕ್ಕೆ ತೋರಿಸಿ ದಾಟಿಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ, ಸಮ್ಮತಿ ಪತ್ರದ ಮೇಲೆ ರೋಗಿಯ ಸಹಿಯ ಜೊತೆಗೆ ದಿನಾಂಕವೂ ಇರುತ್ತದೆ. ನೋಂದಣಿಗೆ ಶುಲ್ಕವಿಲ್ಲ. ಅರ್ಜಿ ಸಲ್ಲಿಸಿದ ಕೂಡಲೇ ಬರುವ ರೆಫರೆನ್ಸ್ ಸಂಖ್ಯೆ ನೋಂದಣಿ ಸಂಖ್ಯೆಯಲ್ಲ. ಅವರು ಕೇಳುವ ಸ್ಪಷ್ಟೀಕರಣಗಳಿಗೆ ಉತ್ತರಿಸಿದ ಮೇಲೆ, ‘ಸಿಟಿಆರ್‌ಐ’ ಎಂದು ಆರಂಭವಾಗುವ ಸಂಖ್ಯೆ ಕೈಗೆ ಬರುವವರೆಗೆ ಯಾರನ್ನೂ ಸೇರಿಸಬೇಡಿ.

ಪ್ರೈಮರಿ ಔಟ್‌ಕಮ್ ಕಾಲಂನಲ್ಲಿ ಒಂದೇ ಅಳತೆ, ಒಂದೇ ಗಂಟೆ, ಯಾವ ಸ್ಥಿತಿಯಲ್ಲಿ ಅಳೆದದ್ದು ಎಂಬುದನ್ನು ಬರೆಯಿರಿ. ಬದಲಾಯಿಸಲೇಬೇಕಾದರೆ ದತ್ತಾಂಶ ನೋಡುವ ಮೊದಲೇ ಬದಲಾಯಿಸಿ, ಎಥಿಕ್ಸ್ ಕಮಿಟಿಗೂ ತಿಳಿಸಿ. ಅಧ್ಯಯನ ಮುಗಿದ 12 ತಿಂಗಳೊಳಗೆ ಮುಖ್ಯ ಫಲಿತಾಂಶಗಳು ಸಾರ್ವಜನಿಕವಾಗಿ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಪ್ರಬಂಧವು ಕಾಲೇಜಿನ ಗ್ರಂಥಾಲಯದ ಕಪಾಟು ಸೇರಿತೆಂದರೆ ಅದು ನಡೆದಂತಾಗಲಿಲ್ಲ, ವ್ಯತ್ಯಾಸ ಕಾಣದಿದ್ದರೂ ಲೇಖನವನ್ನು ಕಳುಹಿಸಿ ಮತ್ತು ಅದು ಅಚ್ಚಾದಾಗ ನೋಂದಣಿ ಪುಟದ ಪ್ರಕಟಣೆಯ ವಿವರದಲ್ಲಿ ಅದನ್ನು ನಮೂದಿಸಿ.