ಉತಾರದಾಗ ಇಲ್ಲದ ಹಾದಿ
ಮುಧೋಳದ ಅಣ್ಣಾರ, ಅಜ್ಜನ ಕಾಲದ ಹೊಲದ ಹಾದಿಗೆ ಬಾಜೂದವರು ತಂತಿ ಬೇಲಿ ಹಾಕ್ಯಾರ, ಉತಾರದಾಗ (ಪಹಣಿಯಾಗ) ಹಾದಿ ಕಾಣವಲ್ದು ಅಂದ್ರಿ. ಉತಾರ ಬಿಡ್ರಿ, ಗ್ರಾಮ ನಕಾಶೆ ತೆಗೆಸ್ರಿ. ಬಂಡಿದಾರಿ, ಕಾಲುದಾರಿ ಅದರಾಗ ಚುಕ್ಕೆಗೆರೆಯಾಗಿ ಇರ್ತಾವ. ಇದ್ರ ತಹಶೀಲ್ದಾರರಿಗೆ ಅರ್ಜಿ ಕೊಡ್ರಿ.

ನಕಾಶೆದಾಗೂ ಇಲ್ಲಂದ್ರ 1882ರ ಈಸ್‌ಮೆಂಟ್ ಕಾಯ್ದೆ, ಅಂದ್ರ ಬ್ಯಾರೆಯವರ ಜಾಗದಾಗ ಹಾದಿಯಂಥ ಅನುಕೂಲ ಬಳಸೋ ಹಕ್ಕಿನ ಕಾಯ್ದೆ ಐತಿ. 20 ವರ್ಷ ತಡೆಯಿಲ್ಲದ, ಹಕ್ಕಿನಿಂದ ಅಡ್ಡಾಡಿದ್ರ ಆ ಹಾದಿ ನಿಮ್ಮ ಹಕ್ಕು. ಆದ್ರ ಅಡ್ಡಿ ಆದ 2 ವರ್ಷದೊಳಗ ದಾವೆ ಹೂಡಬೇಕು. ಇಲ್ಲೇ ಭಾಳ ಮಂದಿ ಎಡವತಾರ. ‘ಹೋಗಲೇನಪಾ’ ಅಂತ ಕೇಳಿಕೊಂಡು ಹೋದದ್ದು ಹಕ್ಕಾಗೂದಿಲ್ಲ.

ಯುಗಾದಿಗೆ ಶ್ರೀಶೈಲಕ್ಕ ನಡೆಯೋ ನಮ್ಮ ಮಂದಿಗೆ ಎಲ್ಲಾರೂ ನೀರು, ಮಜ್ಜಿಗಿ ಕೊಡ್ತಾರ. ಹೊಲಕ್ಕ ನಡಿಯೋನಿಗೆ ಬೇಲಿ!

ಮೊದಲು ಹಿರಿಯರನ್ನ ಕೂಡಿಸಿ ಮಾತಾಡ್ರಿ, ಕೋರ್ಟಿಗೆ ಹೋದ್ರ ವರ್ಷಗಟ್ಟಲೆ.